ಇನ್ನೂರ ಹನ್ನೆರಡನೆಯ ಪುಟ

ಮಿಸಾವಾ, ೧೨ ಮೇ ೧೯೯೮

ಗೌರವಾನ್ವಿತ ಇವಾಸೆ ಕೋಜೊ ಅವರಿಗೆ,

ನನ್ನ ಹೆಸರು ಓಸನಾಯಿ ಮಿಹೊ. ವಯಸ್ಸು ಹದಿನಾಲ್ಕು, ಮಾಧ್ಯಮಿಕ ಶಾಲೆಯ ಕೊನೆಯ ವರ್ಷ. ಈ ತಿಂಗಳ ವಿಮಾನ ಪತ್ರಿಕೆಯ ‘ಕೊಡುತ್ತೇನೆ, ಬೇಕಾಗಿದೆ’ ಅಂಕಣದಲ್ಲಿ ನಿಮ್ಮ ಪ್ರಕಟಣೆ ಓದಿದೆ: “ವಿಮಾನ ಇತಿಹಾಸದ ಹಳೆಯ ಪುಸ್ತಕಗಳು, ನೂರ ನಲವತ್ತಮೂರು. ಹದಿನೆಂಟು ದಾಟದವರಿಗೆ ಉಚಿತ. ಯಾಕೆ ಬೇಕೆಂದು ಬರೆಯಿರಿ. ಬೊಗಳೆ ಬೇಡ.”

ಬೊಗಳೆ ಇಲ್ಲದೆ ಬರೆಯುತ್ತೇನೆ. ನಮ್ಮ ಮನೆಯಿಂದ ವಾಯುನೆಲೆಯ ಬೇಲಿಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವರೆಲ್ಲ ಗಂಡಸರು. ನನ್ನನ್ನು ನೋಡಿದರೆ “ಅಣ್ಣನ್ ಜೊತೆ ಬಂದ್ಯಾ?” ಎಂದು ಕೇಳುತ್ತಾರೆ. ನನಗೆ ಅಣ್ಣನೇ ಇಲ್ಲ. ವಿಮಾನ ಹಾರಿಸುವ ಆಸೆಯೂ ಇಲ್ಲ. ನನಗೆ ಅದನ್ನು ಬಿಚ್ಚಿ ನೋಡಬೇಕು, ಮತ್ತೆ ಜೋಡಿಸಬೇಕು. ಅಮ್ಮ ಬಂದರಿನ ಶೆಡ್ಡಿನಲ್ಲಿ ಮೀನು ಸ್ವಚ್ಛ ಮಾಡುತ್ತಾಳೆ. ಮೆಕ್ಯಾನಿಕ್ ಆಗುತ್ತೇನೆ ಎಂದರೆ, “ನನ್ ಕೈ ಮೀನು ನಾರತ್ತೆ, ನಿನ್ ಕೈ ಎಣ್ಣೆ ನಾರತ್ತೆ. ಈ ಮನೆಗೆ ಯಾವ ನೆಂಟರು ಬರ್ತಾರೆ ಹೇಳು?” ಅನ್ನುತ್ತಾಳೆ.

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ವಿಮಾನದ ಪುಸ್ತಕ ಎರಡಿವೆ. ಒಂದು ಕಾಗದದ ವಿಮಾನ ಮಡಿಸುವುದರ ಬಗ್ಗೆ.

ವಿಧೇಯಳಾದ
ಓಸನಾಯಿ ಮಿಹೊ


ಚೋಫು, ೨೦ ಮೇ ೧೯೯೮

ಓಸನಾಯಿ ಸಾನ್,

ಹದಿನೇಳು ಪತ್ರ ಬಂದವು. ಹನ್ನೊಂದರಲ್ಲಿ ಬರೀ ಆಕಾಶ, ಕನಸು, ರೆಕ್ಕೆ. ಬಿಚ್ಚಿ ನೋಡಬೇಕು ಎಂದವಳು ನೀನೊಬ್ಬಳೇ. ಹಾಗಾಗಿ ಮೊದಲ ಪೆಟ್ಟಿಗೆ ನಿನಗೆ.

ನಾನೂ ಮೆಕ್ಯಾನಿಕ್ ಆಗಿದ್ದವನೇ. ಆಕಾಶದಿಂದ ಭೂಮಿಯ ಫೋಟೊ ತೆಗೆಯುವ ಒಂದು ಸಣ್ಣ ಕಂಪನಿ, ಈಗ ಅದು ಇಲ್ಲ. ನಾನು ಆ ಕೆಲಸ ಬಿಟ್ಟು ಮೂವತ್ತು ವರ್ಷ ದಾಟಿತು. ಆಮೇಲೆ ಹೊಲಿಗೆ ಯಂತ್ರ ರಿಪೇರಿ ಮಾಡಿದೆ. ಹೊಲಿಗೆ ಯಂತ್ರ ಬಿದ್ದರೆ ಮೇಜಿನಿಂದ ನೆಲಕ್ಕೆ ಬೀಳುತ್ತದೆ, ಅಷ್ಟೆ.

ಪುಸ್ತಕ ಯಾಕೆ ಕೊಡುತ್ತಿದ್ದೇನೆ ಎಂದರೆ, ಮಹಡಿಯ ನೆಲ ಅವುಗಳ ಭಾರಕ್ಕೆ ಕುಸಿಯುತ್ತಿದೆ. ಬಡಗಿ ಬಂದು ನೋಡಿ ತಲೆ ಅಲ್ಲಾಡಿಸಿದ. ನನ್ನ ಹೆಂಡತಿ ಸುಮಿಯೆ, “ಪುಸ್ತಕ ಮೇಲಿದ್ರೆ ನಾನು ಕೆಳಗೆ ಮಲಗಲ್ಲ. ಇಬ್ರಲ್ಲಿ ಒಬ್ರನ್ನ ಇಟ್ಕೊಳ್ಳಿ” ಎಂದಳು. ಇಷ್ಟು ವರ್ಷ ಅಡುಗೆ ಮಾಡಿ ಹಾಕಿದವಳನ್ನೇ ಇಟ್ಟುಕೊಂಡೆ.

ಹಾಳೆಯ ಮೂಲೆ ಮಡಿಸಬೇಡ. ಉಣ್ಣುತ್ತಾ ಓದಬೇಡ. ಓದಿದ ಮೇಲೆ ನಿನ್ನಂಥ ಇನ್ನೊಬ್ಬರಿಗೆ ದಾಟಿಸು, ಮನೆಯಲ್ಲಿ ಕೂಡಿಹಾಕಬೇಡ. ಅಂಚುಗಳಲ್ಲಿ ಕೆಂಪು ಪೆನ್ಸಿಲ್ ಕಂಡರೆ ಗಾಬರಿಯಾಗಬೇಡ. ಇತಿಹಾಸ ಬರೆಯುವವರು ಸ್ಪ್ಯಾನರ್ ಹಿಡಿದವರಲ್ಲ, ಪುಟಕ್ಕೊಂದು ತಪ್ಪು ಮಾಡುತ್ತಾರೆ. ನಾನು ತಿದ್ದಿದ್ದೇನೆ. ತಪ್ಪನ್ನು ಮಕ್ಕಳ ಕೈಗೆ ದಾಟಿಸಬಾರದು.

ಇವಾಸೆ ಕೋಜೊ


ಮಿಸಾವಾ, ೨೮ ಜೂನ್ ೧೯೯೮

ಇವಾಸೆ ಸಾನ್‌ಗೆ,

ಇಪ್ಪತ್ತು ಪುಸ್ತಕಗಳೂ ಬಂದವು! ಅಂಚೆಯಣ್ಣ ಪೆಟ್ಟಿಗೆ ಇಳಿಸಿ, “ಇದ್ರಲ್ಲಿ ಎಂಜಿನ್ ಇಟ್ಟಿದಾರಾ?” ಎಂದು ಸೊಂಟ ಹಿಡಿದುಕೊಂಡ.

ಎಲ್ಲಕ್ಕಿಂತ ಇಷ್ಟವಾದದ್ದು ಮೇಲೇ ಇಟ್ಟಿದ್ದ ಯುದ್ಧಕ್ಕೆ ಮುಂಚಿನ ಚಿತ್ರಪುಸ್ತಕ. ಬಟ್ಟೆ ಹೊದಿಸಿದ ರೆಕ್ಕೆಯನ್ನು ಹೆಂಗಸರು ಸಾಲಾಗಿ ಕುಳಿತು ಹೊಲಿಯುತ್ತಿರುವ ಚಿತ್ರವಿದೆಯಲ್ಲ, ಅದನ್ನು ಅಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, “ಇವ್ರಿಗೆಲ್ಲ ಮದುವೆ ಆಗಿತ್ತಾ?” ಎಂದಳು. ಅಷ್ಟು ಕೇಳಿದ್ದೇ ದೊಡ್ಡದು.

ನಿಮ್ಮ ಕೆಂಪು ಪೆನ್ಸಿಲ್ ಓದಿ ನಗು ಬರುತ್ತದೆ. “ಇಲ್ಲಿ ಹನ್ನೆರಡು ಬೋಲ್ಟು, ಹದಿನಾಲ್ಕಲ್ಲ. ಬರೆದವರು ಕಚೇರಿಯಲ್ಲೇ ಕೂತು ಎಣಿಸಿದಂತಿದೆ.” ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರಿನ ದುಂಡು ಮೊಹರೂ ಚೆನ್ನಾಗಿದೆ. ನಮಗೆ ಶಾಲೆ ಮುಗಿಸುವ ದಿನ ಒಬ್ಬೊಬ್ಬರಿಗೂ ಸಹಿಯ ಬದಲು ಒತ್ತಲು ಅವರವರ ಹೆಸರಿನ ಮೊಹರು ಕೊಡುತ್ತಾರಂತೆ. ನಾನೂ ನನ್ನ ಪುಸ್ತಕಗಳಿಗೆ ಒತ್ತುತ್ತೇನೆ.

ಅಮ್ಮ ಬೆಳ್ಳುಳ್ಳಿ ಕಳಿಸಿದ್ದಾಳೆ. ಅಜ್ಜಿಯ ಹೊಲದ್ದು.

ಮಿಹೊ


ಚೋಫು, ೨೪ ಜುಲೈ ೧೯೯೮

ಮಿಹೊ ಸಾನ್,

ಬೆಳ್ಳುಳ್ಳಿಯನ್ನು ಪೆಟ್ಟಿಗೆ ತೆರೆಯುವ ಮೊದಲೇ ಗುರುತಿಸಿದೆ. ಓಣಿಯವರೆಲ್ಲ ಗುರುತಿಸಿದರು. ಪ್ರತಿ ಸಲ ಬದಲಿ ಉಡುಗೊರೆ ಕಳಿಸಬೇಡಿ ಎಂದು ನಿನ್ನ ತಾಯಿಗೆ ಹೇಳು. ಹೇಳಿದರೂ ಕಳಿಸುತ್ತಾರೆ ಎಂದು ಸುಮಿಯೆ ಇಲ್ಲಿಂದ ಮರುಉಡುಗೊರೆ ಕಟ್ಟುತ್ತಿದ್ದಾಳೆ. ಹೆಂಗಸರ ಈ ಯುದ್ಧ ನಮ್ಮಿಬ್ಬರಿಂದ ನಿಲ್ಲುವುದಲ್ಲ.

ಎರಡನೆಯ ಪೆಟ್ಟಿಗೆ ಇದರ ಜೊತೆಗಿದೆ. ನೀಲಿ ರಟ್ಟಿನ ದಪ್ಪ ಪುಸ್ತಕವೊಂದಿದೆ, ಯುದ್ಧದ ನಂತರದ ಸಣ್ಣ ವಿಮಾನ ಕಂಪನಿಗಳ ಇತಿಹಾಸ. ಅದನ್ನು ಪೆಟ್ಟಿಗೆಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ನಿನ್ನ ವಯಸ್ಸಿಗೆ ಸ್ವಲ್ಪ ಒಣ ಪುಸ್ತಕ. ಓದಲೇಬೇಕೆಂದೇನಿಲ್ಲ.

ಇವಾಸೆ


ಮಿಸಾವಾ, ೩೦ ಆಗಸ್ಟ್ ೧೯೯೮

ಇವಾಸೆ ಸಾನ್‌ಗೆ,

ಒಣ ಪುಸ್ತಕವನ್ನೇ ಮೊದಲು ಓದಿದೆ!

ಇನ್ನೂರ ಹನ್ನೆರಡನೆಯ ಪುಟದಲ್ಲಿ ೧೯೬೫ರ ನವೆಂಬರಿನ ಒಂದು ಅಪಘಾತವಿದೆ. ಫೋಟೊ ವಿಮಾನವೊಂದು ಶಿನ್‌ಶೂ ಬೆಟ್ಟದ ಕಣಿವೆಗೆ ಬಿದ್ದು, ಒಬ್ಬನೇ ಇದ್ದ ಚಾಲಕ ಸೆಗಾವಾ ತೋಶಿರೊ ತೀರಿಕೊಂಡರು. ಯಂತ್ರದಲ್ಲಿ ದೋಷವಿರಲಿಲ್ಲ, ಚಾಲಕ ಅಜಾಗರೂಕತೆಯಿಂದ ತೀರ ಕೆಳಗೆ ಹಾರಿದ್ದೇ ಕಾರಣ ಎಂದಿದೆ. ಪಕ್ಕದಲ್ಲಿ ಆ ದಿನದ ತಪಾಸಣೆ ಹಾಳೆಯ ಫೋಟೊ. ಅದರಲ್ಲಿ ‘ಇವಾಸೆ’ ಎಂಬ ಮೊಹರು! ಅದು ನೀವೇ ಅಲ್ಲವೇ? ಯಾಕೆ ಹೇಳಲಿಲ್ಲ?

ಇನ್ನೊಂದು ವಿಷಯ. ಆ ಪುಸ್ತಕದಲ್ಲಿ ಪುಟಪುಟಕ್ಕೂ ನಿಮ್ಮ ಕೆಂಪು ಪೆನ್ಸಿಲ್ ಇದೆ. ಆ ಪುಟದಲ್ಲಿ ಮಾತ್ರ ಒಂದು ಗೀಟೂ ಇಲ್ಲ. ಅಂದರೆ ಅಲ್ಲಿ ಬರೆದದ್ದೆಲ್ಲ ಸರಿ, ಅಲ್ಲವೇ? ನೀವು ಅಲ್ಲೇ ಇದ್ದವರು, ತಪ್ಪಿದ್ದರೆ ಬಿಡುತ್ತಿರಲಿಲ್ಲ.

ವಿಮಾನ ಪತ್ರಿಕೆಯ ಕಿರಿಯರ ಪ್ರಬಂಧ ಸ್ಪರ್ಧೆಗೆ ಇದನ್ನೇ ಬರೆಯುತ್ತಿದ್ದೇನೆ. ನಿಮ್ಮ ಕೆಲಸದ ಬಗ್ಗೆ.

ಮಿಹೊ


ಚೋಫು, ೯ ಸೆಪ್ಟೆಂಬರ್ ೧೯೯೮

ಮಿಹೊ ಸಾನ್,

ಇವಾಸೆ ಎಂಬ ಹೆಸರಿನವರು ಈ ದೇಶದಲ್ಲಿ ಸಾವಿರಾರು. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಮೊಹರನ್ನು ಎಲ್ಲರೂ ಕೊಳ್ಳುತ್ತಾರೆ. ಅದು ಬೇರೆಯವರದು.

ಪ್ರಬಂಧಕ್ಕೆ ಬೇರೆ ವಿಷಯ ಹುಡುಕು. ಬಿಸಿಲು ಹೆಚ್ಚು, ಬರೆಯಲು ಆಗುತ್ತಿಲ್ಲ.

ಇವಾಸೆ


ಮಿಸಾವಾ, ೨೦ ಅಕ್ಟೋಬರ್ ೧೯೯೮

ಇವಾಸೆ ಸಾನ್‌ಗೆ,

ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಆರೋಗ್ಯವಾಗಿದ್ದೀರಾ?

ನೀವು ಸುಳ್ಳು ಹೇಳಿದಿರಿ, ಗೊತ್ತಾಯಿತು. ಭೂತಗನ್ನಡಿ ಹಿಡಿದು ನೋಡಿದೆ. ನಿಮ್ಮ ಪುಸ್ತಕಗಳ ಮೊಹರಿನಲ್ಲಿ ಎಡಗಡೆ ಕೆಳಗೆ ಅಂಚು ಅಕ್ಕಿಕಾಳಿನಷ್ಟು ಒಡೆದಿದೆ. ತಪಾಸಣೆ ಹಾಳೆಯ ಮೊಹರಿನಲ್ಲೂ ಅದೇ ಜಾಗದಲ್ಲಿ ಅಷ್ಟೇ ಒಡೆದಿದೆ. ಅಮ್ಮನಿಗೆ ಹೇಳಿದರೆ, “ದೊಡ್ಡೋರು ತಮ್ಮ ಹೆಚ್ಚುಗಾರಿಕೆ ತಾವೇ ಹೇಳ್ಕೊಳ್ಳಲ್ಲ ಕಣೇ, ಅದಕ್ಕೇ ಹಾಗಂದ್ರು” ಎಂದಳು. ನಿಮ್ಮ ಬಗ್ಗೆ ಅವಳಿಗೆ ಎಷ್ಟು ಗೌರವ ಬಂದಿದೆ ಎಂದರೆ, ನಾನು ತಾಂತ್ರಿಕ ಶಾಲೆಗೆ ಅರ್ಜಿ ಹಾಕಲು ಒಪ್ಪಿದ್ದಾಳೆ!

ನನ್ನ ಪ್ರಬಂಧ ಆಯ್ಕೆಯಾಗಿದೆ. ಜನವರಿ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಕೊನೆಯ ಸಾಲು ಹೀಗಿದೆ: “ಮೆಕ್ಯಾನಿಕ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದ. ಚಾಲಕ ಸೆಗಾವಾ ತೋಶಿರೊ ಮಾಡಲಿಲ್ಲ.” ತಿದ್ದುಪಡಿ ಇದ್ದರೆ ನವೆಂಬರ್ ಇಪ್ಪತ್ತರೊಳಗೆ ಹೇಳಬೇಕಂತೆ. ನಿಮ್ಮ ಕೆಂಪು ಪೆನ್ಸಿಲ್ಲಿಗಾಗಿ ಪ್ರತಿ ಕಳಿಸಿದ್ದೇನೆ.

ಮಿಹೊ


ಚೋಫು, ೧ ನವೆಂಬರ್ ೧೯೯೮

ಮಿಹೊ,

ನಿನ್ನ ಪ್ರಬಂಧ ಎಂಟು ದಿನದಿಂದ ಮೇಜಿನ ಮೇಲಿದೆ. ಕೊನೆಯ ಸಾಲು ತಪ್ಪು. ಅದನ್ನು ನಿನಗೆ ಕಲಿಸಿದವನು ನಾನು.

ರಾತ್ರಿಯೆಲ್ಲ ಚಳಿಯಲ್ಲಿ ನಿಂತ ವಿಮಾನದ ಇಂಧನದ ತೊಟ್ಟಿಯಲ್ಲಿ ನೀರು ಸೇರಬಹುದು, ಅದು ಎಂಜಿನ್ನಿಗೆ ಹೋದರೆ ಹಾರುವಾಗಲೇ ಎಂಜಿನ್ ನಿಲ್ಲುತ್ತದೆ. ಬೆಳಿಗ್ಗೆ ತಳದ ನಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ಹಿಡಿದು ನೋಡಬೇಕು. ನೀರಿದ್ದರೆ ತಳದಲ್ಲಿ ಕೂರುತ್ತದೆ. ಒಂದು ನಿಮಿಷದ ಕೆಲಸ. ನೋಡಿದವನು ಹಾಳೆಯ ಮೇಲೆ ತನ್ನ ಮೊಹರು ಒತ್ತಬೇಕು. ಆದರೆ ನಮ್ಮ ಶೆಡ್ಡಿನಲ್ಲಿ ಎಲ್ಲರ ಮೊಹರುಗಳೂ ಬಿಸ್ಕತ್ತಿನ ಒಂದೇ ಡಬ್ಬಿಯಲ್ಲಿರುತ್ತಿದ್ದವು. ಒಬ್ಬನ ಕೈ ಬಿಡುವಿಲ್ಲದಿದ್ದರೆ ಇನ್ನೊಬ್ಬ ಒತ್ತಿಬಿಡುವುದು ವಾಡಿಕೆ. ಅದು ಮೋಸ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ, ಸಹಾಯ ಅಂದುಕೊಂಡಿದ್ದೆವು. ಆ ಮೊಹರು ಒಡೆದದ್ದೂ ಯಾರದೋ ಕೈಯಿಂದ ಬಿದ್ದು.

ಆ ದಿನ ಬೆಳಿಗ್ಗೆ ನಾನು ಜಿಂಬೋಚೊಗೆ ಹೊರಟಿದ್ದೆ. ಹಳೆ ಪುಸ್ತಕದಂಗಡಿಯವನು ನನಗಾಗಿ ಒಂದು ಪುಸ್ತಕ ತೆಗೆದಿಟ್ಟಿದ್ದ. ಬಾಗಿಲು ತೆರೆಯುವ ಹೊತ್ತಿಗೆ ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಪಕ್ಕದ ವಿಮಾನದ ಕೆಲಸದಲ್ಲಿದ್ದವನಿಗೆ ಕೂಗಿ ಹೇಳಿದೆ. “ನನ್ ಮೊಹರು ಡಬ್ಬಿಯಲ್ಲಿದೆ, ನೋಡಿ ಒತ್ತು” ಅಂದೆನೋ, ಬರೀ “ಒತ್ತು” ಅಂದೆನೋ, ಮೂವತ್ತಮೂರು ವರ್ಷವಾದರೂ ನೆನಪಾಗುತ್ತಿಲ್ಲ. ಅವನು ಒತ್ತಿದ. ನೋಡಲಿಲ್ಲ. ಅವನೂ ಈಗಿಲ್ಲ.

ಗೇಟಿನ ಹತ್ತಿರ ಸೆಗಾವಾ ಸಿಕ್ಕರು.

“ಏನ್ ಇವಾಸೆ, ಬೆಳಬೆಳಿಗ್ಗೆ ಟೈ ಕಟ್ಕೊಂಡು ಎಲ್ಲಿಗೆ ಸವಾರಿ? ಹೆಣ್ ನೋಡೋಕಾ?”

“ಪುಸ್ತಕ ತರೋಕೆ.”

“ಹಂಗಾದ್ರೆ ಮೊದ್ಲು ನಂಗೇ ಕೊಡ್ಬೇಕು. ನಿನ್ ಕೆಂಪು ಪೆನ್ಸಿಲ್ ಬೀಳೋಕ್ ಮುಂಚೆ!”

“ಆಯ್ತು, ಮೊದ್ಲು ನಿಮ್ಗೇ” ಎಂದೆ. ಆ ಪುಸ್ತಕವೇ ನಿನಗೆ ಇಷ್ಟವಾದ ಚಿತ್ರಪುಸ್ತಕ.

ಬೆಟ್ಟದಲ್ಲಿದ್ದ ಮರ ಕಡಿಯುವವನೊಬ್ಬ, ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು, ಆಮೇಲೆ ವಿಮಾನ ಕೆಳಗಿಳಿಯಿತು ಎಂದು ಹೇಳಿದ್ದ. ತನಿಖೆಯವರು ಹಾಳೆ ನೋಡಿದರು. ಇಂಧನದಲ್ಲಿ ನೀರಿಲ್ಲ ಎಂದು ನನ್ನ ಮೊಹರು ಹೇಳುತ್ತಿತ್ತು. “ನೀವೇ ನೋಡಿದ್ರಾ?” ಎಂದು ನನ್ನನ್ನು ಕೇಳಿದರು. “ನೋಡ್ದೆ” ಎಂದೆ. ಮರ ಕಡಿಯುವವನ ಮಾತನ್ನು ಬಿಟ್ಟರು. ಸೆಗಾವಾ ತಾವಾಗಿ ಕೆಳಗೆ ಹಾರಿದರು ಎಂದಾಯಿತು. ನಿಜಕ್ಕೂ ನೀರಿತ್ತೇ? ನನಗೆ ಗೊತ್ತಿಲ್ಲ. ಯಾರೂ ನೋಡಲಿಲ್ಲ, ಅದೇ ಸತ್ಯ.

ತನಿಖೆಯ ಕೋಣೆಯ ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ಸೆಗಾವಾ ಅವರ ಹೆಂಡತಿ ಇಕುಯೊ ಸಾನ್ ಕೂತಿದ್ದರು. ನನ್ನನ್ನು ಕಂಡು ಎದ್ದು, ಸೊಂಟದವರೆಗೆ ಬಾಗಿ, “ನೀವು ಅಷ್ಟು ಜೋಪಾನ ಮಾಡಿದ್ ವಿಮಾನಾನ ನಮ್ಮನೆಯವರು ಹಾಳ್ ಮಾಡಿದ್ರು. ದಯವಿಟ್ಟು ಕ್ಷಮಿಸಿ” ಎಂದರು. ನಾನೂ ಬಾಗಿದೆ. ಕ್ಷಮಿಸಿದವನ ಹಾಗೆ ಬಾಗಿದೆ.

ಆ ವರ್ಷವೇ ಕೆಲಸ ಬಿಟ್ಟೆ. ಪುಸ್ತಕ ಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಹೊಸದೊಂದು ಇತಿಹಾಸ ಬಂದರೆ ಸಾಕು, ಆ ದಿನದ ಬಗ್ಗೆ ಏನಿದೆ ಎಂದು ಹುಡುಕುತ್ತಿದ್ದೆ. ಎಲ್ಲರ ತಪ್ಪೂ ತಿದ್ದಿದೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಆ ಪುಟ ಸರಿಯಿತ್ತೆಂದು ಅಲ್ಲ, ನಾನು ಹೇಡಿಯಾಗಿದ್ದರಿಂದ ಅಲ್ಲಿ ಗೀಟಿಲ್ಲ.

ಪತ್ರಿಕೆಗೂ ಇದನ್ನೆಲ್ಲ ಹೆಸರು ಹಾಕಿ ಬರೆದಿದ್ದೇನೆ. ನಿನ್ನ ಪ್ರಬಂಧಕ್ಕೆ ಕಲ್ಲು ಹಾಕಿದೆ. ನಾಚಿಕೆಯಾಗುತ್ತದೆ.

ಇವಾಸೆ ಕೋಜೊ


ಮಿಸಾವಾ, ೧೫ ನವೆಂಬರ್ ೧೯೯೮

ಇವಾಸೆ ಸಾನ್‌ಗೆ,

ಪ್ರಬಂಧ ವಾಪಸ್ ತೆಗೆದುಕೊಂಡೆ. ಶಾಲೆಯಲ್ಲಿ ಎಲ್ಲರೂ ಯಾಕೆ ಎಂದು ಕೇಳುತ್ತಾರೆ. ಏನೂ ಹೇಳಿಲ್ಲ. ಅಮ್ಮನಿಗೆ ಮಾತ್ರ ಹೇಳಿದೆ. ನಿಮಗೆಂದು ಕಟ್ಟಿಟ್ಟಿದ್ದ ಒಣ ಮೀನಿನ ಪೊಟ್ಟಣ ಬಿಚ್ಚಿ ಅದನ್ನೇ ಅಡುಗೆಗೆ ಹಾಕಿದಳು.

ನೀಲಿ ಪುಸ್ತಕವನ್ನು ಹಿಂದಿರುಗಿಸಿದ್ದೇನೆ. ತಪ್ಪನ್ನು ಮಕ್ಕಳ ಕೈಗೆ ದಾಟಿಸಬಾರದು ಎಂದವರು ನೀವು. ತಿದ್ದಿ ಕಳಿಸಿ. ಸೆಗಾವಾ ಅವರ ಮನೆಯವರಿಗೆ ಹೇಳಿದ ಮೇಲೆ ತಿದ್ದಿ, ಅದಕ್ಕೆ ಮುಂಚೆ ಬೇಡ.

ಓಸನಾಯಿ ಮಿಹೊ


ಕೋಫು, ೩೧ ಜನವರಿ ೧೯೯೯

ಇವಾಸೆ ಕೋಜೊ ಅವರಿಗೆ,

ನಿಮ್ಮ ಪತ್ರ ಡಿಸೆಂಬರಿನಲ್ಲೇ ಬಂತು. ಹೊಸ ವರ್ಷದ ಶುಭಾಶಯ ಬರೆಯಲು ಕೈ ಬರಲಿಲ್ಲ. ಅದಕ್ಕೇ ಜನವರಿ ಮುಗಿಯಲಿ ಎಂದು ಕಾದೆ.

ಮನೆಗೆ ಬಂದು ಕ್ಷಮೆ ಕೇಳುತ್ತೇನೆ ಎಂದಿದ್ದೀರಿ. ಬರಬೇಡಿ. ನಾನು ನಿಮಗೆ ಬಾಗಿದ್ದು ನನಗೂ ನೆನಪಿದೆ. ನಿಮ್ಮ ಪತ್ರ ಓದಿದಾಗ, ಆ ದಿನ ಬಾಗಿದ್ದನ್ನು ನನಗೆ ವಾಪಸ್ ಕೊಡಿ ಎಂದು ಕೂಗಬೇಕೆನಿಸಿತು.

ಒಂದು ಮಾತು ಹೇಳುತ್ತೇನೆ, ನಿಮಗೆ ತಿಳಿದಿರಲಿ. ನಾನು ದಿನಾ ಬೆಳಿಗ್ಗೆ ಅವರ ಫೋಟೊದ ಮುಂದೆ ಅನ್ನ, ನೀರು ಇಡುತ್ತೇನೆ. ಮೂವತ್ತಮೂರು ವರ್ಷ ಇಡುವಾಗಲೆಲ್ಲ ಬೈದಿದ್ದೇನೆ. “ಅಷ್ಟು ಕೆಳಗೆ ಯಾಕ್ರೀ ಹೋದ್ರಿ? ನಿಮ್ಗೆ ಮನೆ ನೆನಪಾಗಲಿಲ್ವಾ?” ಅಂತ. ಅವರು ಫೋಟೊದಲ್ಲಿ ನಗುತ್ತಲೇ ಇದ್ದರು. ನಿಮ್ಮ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಅನ್ನ ಇಡಲು ಹೋದರೆ ಬಾಯಿಂದ ಮಾತೇ ಬರಲಿಲ್ಲ. ನೀವು ನನ್ನ ಹತ್ತಿರ ಕ್ಷಮೆ ಕೇಳುತ್ತೀರಿ. ನಾನು ಅವರ ಹತ್ತಿರ ಕೇಳಬೇಕು. ನಿಮ್ಮದನ್ನು ನೋಡಲು ನನಗೀಗ ಬಿಡುವಿಲ್ಲ.

ಆ ಪುಸ್ತಕವನ್ನು ಮೊದಲು ಅವರಿಗೆ ಕೊಡುತ್ತೇನೆ ಎಂದಿದ್ದಿರಂತಲ್ಲ. ಅದೀಗ ಒಂದು ಮಗುವಿನ ಕೈಯಲ್ಲಿದೆ ಎಂದೂ ಬರೆದಿದ್ದೀರಿ. ಕಳಿಸಿ. ಅವರ ಫೋಟೊದ ಮುಂದೆ ಇಡುತ್ತೇನೆ. ನಮ್ಮ ಮನೆಯವರು ನಿಧಾನವಾಗಿ ಓದುವವರು, ಒಂದು ವರ್ಷವಾದರೂ ಬೇಕು. ಆಮೇಲೆ ಯಾವ ಮಗುವಿನದೋ ಅದಕ್ಕೇ ಹಿಂದಿರುಗಿಸುತ್ತೇನೆ.

ಸೆಗಾವಾ ಇಕುಯೊ


ಚೋಫು, ೧೦ ಫೆಬ್ರವರಿ ೧೯೯೯

ಮಿಹೊ,

ಇಕುಯೊ ಸಾನ್ ಅವರ ಪತ್ರದ ನಕಲು ಇದರೊಳಗಿದೆ. ನನ್ನ ಬಗ್ಗೆ ಅವರು ಬರೆದದ್ದನ್ನೂ ಬಿಡದೆ ಓದು.

ಕೊಟ್ಟದ್ದನ್ನು ವಾಪಸ್ ಕೇಳುವುದು ನನ್ನ ಅಭ್ಯಾಸವಲ್ಲ. ಆದರೆ ಚಿತ್ರಪುಸ್ತಕದ ಸರದಿಯಲ್ಲಿ ನಿನಗಿಂತ ಮುಂದೆ ಒಬ್ಬರಿದ್ದರು. ವಿಳಾಸ ಪತ್ರದಲ್ಲಿದೆ. ಕಳಿಸುವುದೂ ಬಿಡುವುದೂ ನಿನಗೆ ಸೇರಿದ್ದು.

ನೀಲಿ ಪುಸ್ತಕವನ್ನು ತಿದ್ದಿ ಕಳಿಸಿದ್ದೇನೆ. ಉಳಿದ ಪುಸ್ತಕಗಳನ್ನು ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಬೇರೆ ಯಾರಿಗಾದರೂ ದಾಟಿಸು. ನನಗೆ ಬರೆಯಬೇಕೆಂದೇನಿಲ್ಲ.

ಇವಾಸೆ ಕೋಜೊ


ಮಿಸಾವಾ, ೧೫ ಮಾರ್ಚ್ ೧೯೯೯

ಇವಾಸೆ ಸಾನ್‌ಗೆ,

ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹೋಗುವುದೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ಚಿತ್ರಪುಸ್ತಕವನ್ನು ಕೋಫುಗೆ ಕಳಿಸಿದೆ. ಅಮ್ಮನೇ ಎರಡು ಪದರ ಕಾಗದ ಸುತ್ತಿ ಕಟ್ಟಿದಳು. ರೆಕ್ಕೆ ಹೊಲಿಯುವ ಹೆಂಗಸರ ಪುಟದಲ್ಲಿ ಒಂದು ಚೀಟಿ ಇಟ್ಟಳು. ಏನು ಬರೆದೆ ಎಂದು ಕೇಳಿದರೆ, “ದೊಡ್ಡೋರ ವಿಷ್ಯ, ಸುಮ್ನಿರು” ಎಂದಳು. ತಾಂತ್ರಿಕ ಶಾಲೆಗೆ ನಾನು ಆಯ್ಕೆಯಾಗಿದ್ದೇನೆ. ಅಮ್ಮ ಬೇಡ ಅನ್ನಲಿಲ್ಲ.

ಇನ್ನೂರ ಹನ್ನೆರಡನೆಯ ಪುಟ ಓದಿದೆ. “ಈ ಪುಟ ತಪ್ಪು. ಆ ದಿನ ಇಂಧನವನ್ನು ಯಾರೂ ನೋಡಿರಲಿಲ್ಲ. ನೋಡಿದೆ ಎಂದು ನಾನು ಸುಳ್ಳು ಹೇಳಿದೆ. ಸೆಗಾವಾ ತೋಶಿರೊ ಅವರ ಮೇಲೆ ತಪ್ಪು ಹೊರಿಸಿದ್ದು ಆ ಸುಳ್ಳಿನಿಂದ.” ಕೆಳಗೆ ನಿಮ್ಮ ಹೆಸರು, ಅಂಚು ಒಡೆದ ಅದೇ ಮೊಹರು.

ಮೊನ್ನೆ ನಮ್ಮ ಶಾಲೆಯ ಬೀಳ್ಕೊಡುಗೆ ಆಯಿತು. ಎಲ್ಲರಿಗೂ ಮೊಹರು ಕೊಟ್ಟರು. “ಇದನ್ನ ಯಾರ್ ಕೈಗೂ ಕೊಡ್ಬೇಡಿ, ಅಪ್ಪ ಅಮ್ಮನ ಕೈಗೂ” ಎಂದು ಮೇಷ್ಟ್ರು ಹೇಳಿದಾಗ ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ.

ಆ ಪುಟದಲ್ಲಿ ನಿಮ್ಮ ಮೊಹರಿನ ಕೆಳಗೆ ಬೆರಳಗಲ ಜಾಗ ಉಳಿದಿತ್ತು. ನೀವು ಬರೆದದ್ದನ್ನು ಎರಡು ಸಲ ಓದಿದೆ. ಆಮೇಲೆ ಅಲ್ಲಿ ನನ್ನ ಮೊಹರು ಒತ್ತಿದೆ. ನಾನೇ ನೋಡಿ, ನನ್ನ ಕೈಯಿಂದಲೇ ಒತ್ತಿದೆ.

ಓಸನಾಯಿ ಮಿಹೊ